ಬದನೆಕಾಯಿ ಹೇರಿಕೊಂಡು ತವರಿಗೆ ಹೋದದ್ದು

ನಾನು ಹುಟ್ಟಿದ್ದು ರಬಕವಿಯ ನೇಕಾರರ ಓಣಿಯಲ್ಲಿ. ಮದುವೆಯಾಗಿ ಬಂದದ್ದು ಹುನ್ನೂರಿನ ಸಮೀಪದ ಒಂದು ಸಣ್ಣ ಊರಿಗೆ. ಬಸ್ಸಿನಲ್ಲಿ ಕೂತರೆ ಒಂದು ಸರಿಯಾದ ನಿದ್ದೆಗೂ ಸಾಲದಷ್ಟು ದೂರ. ಆದರೂ ಮಗ್ಗದ ಮನೆಯಿಂದ ಒಕ್ಕಲುತನದ ಮನೆಗೆ ಬಂದ ನನಗೆ ಅದು ಬೇರೆ ರಾಜ್ಯವೇ ಆಗಿತ್ತು. ತವರಿನಲ್ಲಿ ಮಗ್ಗ ನಿಂತರೆ ಎಚ್ಚರವಾಗುತ್ತಿತ್ತು; ಇಲ್ಲಿ ಎಮ್ಮೆ ಒದರಿದರೆ ಎಚ್ಚರ. ಮೊದಲ ವರ್ಷ ನಮ್ಮತ್ತೆ ಹೊಲಕ್ಕೆ ಕರೆದುಕೊಂಡು ಹೋಗಿ ಕಳೆ ತೆಗೆಯಲು ಕೂರಿಸಿದರೆ, ಬೆಳೆ ಯಾವುದು ಕಳೆ ಯಾವುದು ಎಂದು ಎರಡೆರಡು ಸಲ ಕೇಳುತ್ತಿದ್ದೆ. ನಮ್ಮಣ್ಣ ಮಾತ್ರ ರಬಕವಿಯಲ್ಲಿ ಎಲ್ಲರ ಮುಂದೆ, "ನಮ್ಮ ತಂಗೀನ ಭಾಳ ದೊಡ್ಡ ಹೊಲದವರ ಮನಿಗಿ ಕೊಟ್ಟೇವಿ, ಆಕಿ ಕಾಲ ಕೆಳಗಿಡಂಗಿಲ್ಲ" ಎಂದು ಹೇಳಿಕೊಂಡು ಓಡಾಡುತ್ತಿದ್ದ. ನಾನು ಅದನ್ನು ಸುಳ್ಳು ಮಾಡಲು ಹೋಗಿರಲಿಲ್ಲ.

ನಮ್ಮೂರಲ್ಲಿ ಹೆಣ್ಣುಮಕ್ಕಳದೊಂದು ಸಂಘ. ಮಂಗಳವಾರ ಮಧ್ಯಾಹ್ನ ಗುಡಿಯ ಕಟ್ಟೆಯ ಮೇಲೆ ಕೂಡುತ್ತೇವೆ, ಎಲ್ಲರೂ ಒಂದಿಷ್ಟು ಉಳಿತಾಯ ಹಾಕುತ್ತೇವೆ, ಯಾರಿಗೆ ಅಡಚಣೆ ಇದೆಯೋ ಅವರು ತೆಗೆದುಕೊಂಡು ನಿಧಾನವಾಗಿ ತುಂಬುತ್ತಾರೆ. ಹಾಗೆ ಒಬ್ಬಳ ಮಗಳು ನರ್ಸಿಂಗ್ ಓದಿದಳು, ಇನ್ನೊಬ್ಬಳ ಮನೆಗೆ ಆಕಳು ಬಂತು. ಸಂಘದಲ್ಲಿ ಇಬ್ಬರದು ಮುಖ್ಯ ಮಾತು. ಒಬ್ಬರು ನಮ್ಮ ಅಧ್ಯಕ್ಷೆ. ಆಳೂ ದೊಡ್ಡವರು, ದನಿಯೂ ದೊಡ್ಡದು. ಗುಟ್ಟಿನ ಮಾತು ಹೇಳಿದರೂ ಬಸ್‌ಸ್ಟ್ಯಾಂಡಿನವರೆಗೆ ಕೇಳುತ್ತದೆ. ಮುಂದೇನಾಗುತ್ತದೆ ಎಂದು ಯೋಚಿಸುವ ಮೊದಲೇ "ಮಾಡೂಣು" ಎಂದುಬಿಡುವ ಸ್ವಭಾವ. ಇನ್ನೊಬ್ಬರು ಎಲ್ಲರಿಗಿಂತ ಹಿರಿಯರಾದ ಆಯಿ. ಬಾಯಲ್ಲಿ ಹಲ್ಲು ಕಡಿಮೆ, ಮಾತು ಹೆಚ್ಚು. ಅಧ್ಯಕ್ಷೆ "ಮಾಡೂಣು" ಅಂದಾಗಲೆಲ್ಲ ಆಯಿ "ಬ್ಯಾಡ" ಅನ್ನುವುದು ಸಂಘದ ಪದ್ಧತಿ. ಇವರಿಬ್ಬರ ನಡುವೆ ಉಳಿದ ನಾವು ಹೇಗೋ ಒಂದು ದಾರಿ ಹಿಡಿಯುತ್ತಿದ್ದೆವು.

ಒಂದು ಮಂಗಳವಾರ ಅಧ್ಯಕ್ಷೆ ಸುದ್ದಿ ತಂದರು. ಮುಧೋಳದಲ್ಲಿ ನೌಕರಿ ಮಾಡುವ ಒಬ್ಬರ ಹೊಲ ನಮ್ಮೂರ ಹತ್ತಿರ ಖಾಲಿ ಬಿದ್ದಿದೆ, ವರ್ಷದ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಡುತ್ತಾರೆ, ಬಾವಿಯಲ್ಲಿ ನೀರೂ ಇದೆ. "ನಾವ ಹಿಡಿಯೂಣು. ಎಲ್ಲಾರೂ ಕೂಡಿ ಬೆಳಿಯೂಣು. ಉಳಿತಾಯದ ಗಂಟು ಎಷ್ಟ್ ದಿನಾ ಅಂತ ಸುಮ್ನ ಕುಂದ್ರಿಸೂದು?"

"ಗಂಟೇನ್ ಕುಂದರಲಾರದ ಎದ್ದು ಓಡಾಕತ್ತೇತೇನು? ಬ್ಯಾಡ," ಎಂದರು ಆಯಿ.

ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಆದರೆ ಅದೇ ಹೊತ್ತಿಗೆ ನನ್ನ ಗಂಡ ಸೈಕಲ್ ಮೋಟಾರ್ ನಿಲ್ಲಿಸಿ ನಮ್ಮ ಮಾತು ಕೇಳಿಸಿಕೊಂಡರು. ಚಿಕ್ಕಪಡಸಲಗಿಯಲ್ಲಿ ರೈತರೇ ಕೂಡಿ ಹೊಳೆಗೆ ಬ್ಯಾರೇಜ್ ಕಟ್ಟಿದಾಗ ನಮ್ಮ ಮಾವ ಅಲ್ಲಿ ಮಣ್ಣು ಹೊತ್ತವರು. ನಮ್ಮ ಮನೆಯಲ್ಲಿ ಹಬ್ಬವಿರಲಿ ಜಗಳವಿರಲಿ, ಆ ಬ್ಯಾರೇಜ್ ಬರದೆ ಮಾತು ಮುಗಿಯುವುದಿಲ್ಲ.

"ಕೂಡಿ ಮಾಡೂದು ಅಂದ್ರ ಹುಡುಗಾಟ ಅಲ್ರಿ," ಎಂದರು ಗಂಡ. "ನಮ್ಮ ಅಪ್ಪಾರೆಲ್ಲಾ ಕೂಡಿ ಕೃಷ್ಣಾ ಹೊಳಿಗೇ ಕಟ್ಟಿ ಕಟ್ಟ್ಯಾರ. ನೀವು ಇಷ್ಟ್ ಮಂದಿ ಕೂಡಿದ್ರ ಒಂದ್ ಬದುವೂ ಕಟ್ಟಂಗಿಲ್ಲ. ಜಗಳಾ ಕಟ್ಟತೀರಿ."

ಆಯಿ ಕಣ್ಣಿಗೆ ಕೈ ಅಡ್ಡ ಹಿಡಿದು ಅವರನ್ನು ನೋಡಿದರು. "ಹೊಳಿ ಕಟ್ಟಿದವರಿಗಿ ದಿನಾ ಬುತ್ತಿ ಕಟ್ಟಿದವರು ಯಾರೋ ತಮ್ಮಾ? ನಿಮ್ಮಪ್ಪ ಹೊಳಿ ನೀರು ಕುಡುದ ಮಣ್ಣು ಹೊತ್ತನೇನು?" ಎಂದು ಕೇಳಿ, ಅಧ್ಯಕ್ಷೆಯ ಕಡೆ ತಿರುಗಿ, "ಹಿಡೀರಿ ಆ ಹೊಲಾ," ಎಂದರು.

ಸಂಘದ ಇತಿಹಾಸದಲ್ಲಿ ಆಯಿ ಒಪ್ಪಿದ್ದು ಅದೇ ಮೊದಲು.

ಹೊಲದವರು ಕಬ್ಬು ಮಾತ್ರ ಹಚ್ಚಬಾರದು ಎಂದಿದ್ದರು. ಕಬ್ಬು ಬಂದರೆ ಹೊಲ ಬೇಗ ಕೈಗೆ ಬರುವುದಿಲ್ಲ ಎಂಬ ಅಂಜಿಕೆ. ಅಧ್ಯಕ್ಷೆಗೆ ಕಲ್ಲಂಗಡಿ ಬೇಕು, ಆಯಿಗೆ ಜೋಳ. ಎರಡು ಮಂಗಳವಾರ ಜಗಳಾಡಿ ಯಾರಿಗೂ ಬೇಡವಾದ, ಆದರೆ ಎಲ್ಲರಿಗೂ ಬೆಳೆಯಲು ಗೊತ್ತಿದ್ದ ಬದನೆಗೆ ಒಪ್ಪಿದೆವು.

ಸಸಿ ಹಚ್ಚುವ ದಿನ ಎಂಥ ಗದ್ದಲ ಅಂತೀರಿ! ಒಬ್ಬೊಬ್ಬಳೂ ತನ್ನ ತನ್ನ ತವರಿನ ಪದ್ಧತಿ ಹಿಡಿದಳು. ಒಬ್ಬಳದು ಮೊಳ ಅಂತರ, ಇನ್ನೊಬ್ಬಳದು ಗೇಣು. ಬಿಳಗಿ ಕಡೆಯವಳು ನೀರು ಬಿಟ್ಟು ಹಚ್ಚಬೇಕು ಅಂದರೆ, ಮಹಾಲಿಂಗಪುರ ಕಡೆಯವಳು ಹಚ್ಚಿ ನೀರು ಬಿಡಬೇಕು ಅಂದಳು. ನನಗೆ ತವರಿನಿಂದ ಬಂದ ಒಕ್ಕಲುತನವೇ ಇಲ್ಲ. ನಾನು ಬಗ್ಗಿ, ಒಂದು ಸಸಿಯ ಪಕ್ಕ ಇನ್ನೊಂದು, ಮಗ್ಗದ ಮೇಲೆ ಹಾಸಿನ ಎಳೆ ಜೋಡಿಸಿದ ಹಾಗೆ ಒತ್ತೊತ್ತಾಗಿ, ನೆಟ್ಟಗೆ ಸಾಲು ಹಿಡಿದೆ. ನನ್ನ ಸಾಲು ನೋಡಲು ಬಹಳ ಚೆಂದವಿತ್ತು.

ಆಯಿ ಬಂದು ನಿಂತು ನೋಡಿದರು. "ಇದೇನ್ ಬೇ, ಸೀರಿ ನೇಯಾಕತ್ತಿ? ಸೆರಗು ಯಾ ಕಡೆ ಬರತೈತಿ?"

ಅರ್ಧ ಕಿತ್ತು ಮತ್ತೆ ಹಚ್ಚಿದೆವು. ಅಂತೂ ನಮ್ಮ ಹೊಲ ಹತ್ತು ಮಂದಿ ಹತ್ತು ಬಣ್ಣದ ತುಂಡು ತಂದು ಹೊಲಿದ ಕೌದಿಯ ಹಾಗೆ ಕಾಣುತ್ತಿತ್ತು. ದಾರಿಯಲ್ಲಿ ಹೋಗುವ ಗಂಡಸರು ಬೇಕೆಂದೇ ನಿಂತು ನೋಡಿ ನಗುತ್ತಿದ್ದರು. ಗಿಡಕ್ಕೆ ಅದೇನು ಗೊತ್ತು, ಅದು ತನ್ನ ಪಾಡಿಗೆ ಬೆಳೆಯಿತು. ಹೂ ಬಿಟ್ಟಿತು, ಕಾಯಿ ಬಿಟ್ಟಿತು. ಸಣ್ಣ, ಗುಂಡನೆಯ, ನೀಲಿ ಹೊಳಪಿನ ಕಾಯಿ. ಮೊದಲ ಕಟಾವಿಗೆ ಜಮಖಂಡಿ ಪ್ಯಾಟಿಯಲ್ಲಿ ಒಳ್ಳೆಯ ದರ ಸಿಕ್ಕಿತು. ಅಧ್ಯಕ್ಷೆ ಊರೆಲ್ಲ ಕೇಳುವಂತೆ, "ಬರೂ ವರ್ಷ ಇದರ ಎರಡರಷ್ಟ್ ಹೊಲಾ ಹಿಡಿಯೂಣು" ಎಂದರು. ಎರಡನೆಯ ಕಟಾವಿನ ಹೊತ್ತಿಗೆ ದರ ಇಳಿಯತೊಡಗಿತು. ಮೂರನೆಯದಕ್ಕೆ ಗಿಡಗಳು ಹುಚ್ಚು ಹಿಡಿದವರಂತೆ ಕಾಯಿ ಬಿಡತೊಡಗಿದವು. ಮಾರಿ ಉಳಿದದ್ದನ್ನು ಹಂಚಿಕೊಂಡು ಒಯ್ಯತೊಡಗಿದೆವು. ನಮ್ಮ ಓಣಿಯಲ್ಲಿ ಮುಂಜಾನೆ ಬದನೆಕಾಯಿ ಪಲ್ಯ, ಮಧ್ಯಾಹ್ನ ಎಣ್ಣೆಗಾಯಿ, ಸಂಜೆ ಸುಟ್ಟ ಬದನೆಕಾಯಿಯ ಭರ್ತ. ನನ್ನ ಗಂಡ ತಾಟಿನ ಮುಂದೆ ಕೂತು, "ಇವತ್ತೇನ್ ಮಾಡೀ?" ಎಂದು ಕೇಳುವುದನ್ನೇ ಬಿಟ್ಟರು. ಒಂದು ದಿನ ತಾಟನ್ನೇ ನೋಡುತ್ತ, "ಇದಕ್ಕಿಂತ ಜಗಳಾ ಕಟ್ಟಿದ್ರ ಛಲೋ ಇತ್ತು," ಎಂದರು.

ಮುಂದಿನ ಕಟಾವನ್ನು ಬಾಡಿಗೆ ಟೆಂಪೋದಲ್ಲಿ ಹೇರಿಕೊಂಡು ನಾವು ಐದು ಮಂದಿ ಜಮಖಂಡಿಗೆ ಹೋದೆವು. ಅಧ್ಯಕ್ಷೆ, ಆಯಿ, ನಾನು, ಮತ್ತೆ ಇಬ್ಬರು. ಪ್ಯಾಟಿಗೆ ಕಾಲಿಟ್ಟೆವು. ಎಲ್ಲಿ ನೋಡಿದಲ್ಲಿ ಬದನೆಕಾಯಿ. ಇಡೀ ತಾಲೂಕಿಗೇ ಯಾರೋ ಹೇಳಿಕೊಟ್ಟ ಹಾಗೆ ಎಲ್ಲರೂ ಅದನ್ನೇ ತಂದಿದ್ದರು. ದಲಾಲಿ ನಮ್ಮ ಚೀಲಗಳನ್ನು ಬಿಚ್ಚಿ ಸಹ ನೋಡಲಿಲ್ಲ.

"ಇವತ್ತ ಕೇಳವರಿಲ್ರಿ ಅಕ್ಕಾರ. ಇಳಿಸಿ ಹೋಗ್ರಿ ಬೇಕಾದ್ರ. ಆದ್ರ ಹಮಾಲಿ ಖರ್ಚು ನೀವ ಕೊಡಬೇಕು."

"ಮಾಲೂ ನಮ್ಮದ, ಹಮಾಲಿನೂ ನಮ್ಮದ?" ಅಧ್ಯಕ್ಷೆಯ ದನಿಗೆ ಪ್ಯಾಟಿಯ ಆಚೆ ಬದಿಯಲ್ಲಿ ಉಳ್ಳಾಗಡ್ಡಿ ತೂಗುತ್ತಿದ್ದವರೂ ತಿರುಗಿ ನೋಡಿದರು. "ದಂಡಾ ಕೊಡಾಕ ಇವೇನ್ ದೊಡ್ಡಿಗಿ ಹಾಕಿದ ಕಳ್ಳ ದನಾ ಏನ್ರಿ?"

ಟೆಂಪೋದವನು ಅವಸರ ಮಾಡುತ್ತಿದ್ದ. ಅವನು ಇಲ್ಲಿಂದ ರಬಕವಿಗೆ ಹೋಗಿ ನೂಲಿನ ಗಂಟು ಹೇರಬೇಕಿತ್ತು. "ಇಲ್ಲೇ ಇಳಿಸ್ರಿ, ಇಲ್ಲಂದ್ರ ರಬಕವಿಗೆ ಬರ್ರಿ. ನನಗ ತಡಾ ಆಗಾಕತ್ತೇತಿ," ಎಂದ. ಅವನು ಅದನ್ನು ನಮ್ಮನ್ನು ಇಳಿಸುವುದಕ್ಕೆ ಹೇಳಿದ್ದು. ಆದರೆ ಅಧ್ಯಕ್ಷೆಯ ಕಣ್ಣು ನಿಧಾನವಾಗಿ ನನ್ನ ಕಡೆ ತಿರುಗಿತು.

"ನಿನ್ನ ತವರಮನಿ ರಬಕವಿ ಅಲ್ಲೇನ್ ಬೇ?"

ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಹೌದ್ರಿ. ಆದ್ರ ಅಲ್ಲಿ ಎಲ್ಲಾರೂ ಮಗ್ಗದವರು. ಬದ್ನಿಕಾಯಿ ಯಾರ್ ತಗೋತಾರು?"

"ಮಗ್ಗದವರು ನೂಲು ತಿಂತಾರೇನು?" ಎನ್ನುತ್ತ ಆಯಿ ಆಗಲೇ ಟೆಂಪೋ ಹತ್ತಿ ಚೀಲದ ಮೇಲೆ ಕೂತಾಗಿತ್ತು.

ದಾರಿಯುದ್ದಕ್ಕೂ ನನಗೆ ಅಣ್ಣನ ಮುಖವೇ ಕಣ್ಣ ಮುಂದೆ. ಕಾಲು ಕೆಳಗಿಡದ ತಂಗಿ ಬದನೆಕಾಯಿ ಚೀಲಗಳ ಮೇಲೆ ಕೂತು ಬರುತ್ತಿದ್ದಾಳೆ. ಹೇಳಿ ಕಳಿಸೋಣವೆಂದರೆ ಮಗ್ಗದ ಸದ್ದಿನಲ್ಲಿ ಅವನಿಗೆ ಫೋನು ಕೇಳಿಸುವುದಿಲ್ಲ.

ಓಣಿ ಇಕ್ಕಟ್ಟಾದ್ದರಿಂದ ಟೆಂಪೋ ಹಿಂದಕ್ಕೆ ಹಿಂದಕ್ಕೆ ಬರಬೇಕಾಯಿತು. ಹಿಂದೆ ಸರಿಯುವಾಗ ಅದು ಕೀಂ ಕೀಂ ಎಂದು ಒಂದು ಹಾಡು ಹೇಳುತ್ತದೆ. ಆ ಹಾಡಿಗೆ ಎರಡೂ ಬದಿಯ ಬಾಗಿಲುಗಳು ತೆರೆದವು. ನಮ್ಮಣ್ಣ ಮಗ್ಗದ ಶೆಡ್ಡಿನಿಂದ ಹೊರಗೆ ಬಂದ. ತಲೆಯ ತುಂಬ ಹತ್ತಿಯ ಧೂಳು. ನನ್ನನ್ನು ನೋಡಿದ, ಚೀಲಗಳನ್ನು ನೋಡಿದ, ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಇಳಿಯುತ್ತಿದ್ದ ಅಧ್ಯಕ್ಷೆಯನ್ನು ನೋಡಿದ.

"ಇದೇನಿದು?" ಎಂದು ಒದರಿದ. ಆ ಓಣಿಯಲ್ಲಿ ಒದರದೆ ಮಾತೇ ಇಲ್ಲ. ಎಲ್ಲ ಮನೆಯ ಮಗ್ಗಗಳೂ ಏಕಕಾಲಕ್ಕೆ ಖಟಖಟ ಅನ್ನುತ್ತಿರುತ್ತವೆ.

"ಬದ್ನಿಕಾಯಿ! ಮಾರಾಕ ಬಂದೇವಿ!" ನಾನೂ ಒದರಿದೆ.

"ಮೆಲ್ಲಕ ಹೇಳು, ಮಂದಿ ಕೇಳತಾರ!" ಎಂದು ಅವನು ಇನ್ನೂ ಜೋರಾಗಿ ಒದರಿದ.

ಮಂದಿ ಕೇಳಿ ಆಗಿತ್ತು. ಎದುರು ಮನೆಯಾಕೆ ಬಂದು ಒಂದು ಕಾಯಿ ಕೈಗೆತ್ತಿಕೊಂಡು ಒತ್ತಿ ನೋಡಿದಳು. "ಛಲೋ ಅದಾವು, ಎಳೀವು. ಆದ್ರ ಹೆಚ್ಚಾಕ ಯಾರಿಗಿ ವ್ಯಾಳ್ಯಾ ಐತ್ರಿ? ಮದಿವಿ ಸೀಜನ್. ಮನಿ ಮಂದಿಯೆಲ್ಲಾ ಸೀರಿ ಮುಗಸಾಕ ಕುಂತೇವಿ. ಮೂರ್ ದಿನದಿಂದ ಬರೇ ಚುರಮುರಿ ತಿನ್ನಾಕತ್ತೇವಿ. ಮಾಡಿ ಕೊಟ್ರ ತಗೋತೇನ್ ನೋಡ್ರಿ."

ಅಲ್ಲಿ ನೆರೆದ ಹೆಂಗಸರೆಲ್ಲ ನಕ್ಕರು. ಅದು ಮಾತಿಗೆ ಅಂದ ಮಾತು. ನಮ್ಮ ಅಧ್ಯಕ್ಷೆಗೆ ಮಾತಿಗೆ ಅಂದ ಮಾತು ಎಂಬುದೊಂದು ಇದೆ ಎಂಬುದೇ ಗೊತ್ತಿಲ್ಲ.

"ಮಾಡಿ ಕೊಡ್ತೇವಿ. ರೊಟ್ಟಿ ಎಷ್ಟ್ ಬೇಕು ಹೇಳ್ರಿ," ಎಂದುಬಿಟ್ಟರು.

ಎಲ್ಲಿ ಮಾಡುವುದು? ನಮ್ಮಣ್ಣನ ಮನೆಯಲ್ಲಿ. ಯಾರ ಒಲೆಯ ಮೇಲೆ? ನಮ್ಮ ವೈನಿಯ ಒಲೆಯ ಮೇಲೆ. ಅಣ್ಣನ ಹೆಂಡತಿ, ನಮ್ಮ ವೈನಿ, ಬಹಳ ಅಚ್ಚುಕಟ್ಟಿನ ಹೆಂಗಸು. ಅವಳ ಅಡಿಗೆಮನೆಯಲ್ಲಿ ಡಬ್ಬಿಗಳು ಸೈನಿಕರ ಹಾಗೆ ಎತ್ತರದ ಪ್ರಕಾರ ನಿಂತಿರುತ್ತವೆ. ನಾನೇ ತವರಿಗೆ ಹೋದಾಗ ಚಹಾ ಮಾಡಲು ಅಪ್ಪಣೆ ಕೇಳುತ್ತಿದ್ದೆ. ಅಂಥ ಕೋಣೆಗೆ ಐದು ಮಂದಿ ನುಗ್ಗಿದೆವು. ಆಯಿ ಡಬ್ಬಿ ಡಬ್ಬಿ ಬಿಚ್ಚಿ ಮೂಸಿ ನೋಡುತ್ತ, "ಗುರೆಳ್ಳು ಎಲ್ಲಿಟ್ಟೀ ತಂಗಿ? ಇದೇನು, ಇದೂ ಸಾಸಿವಿ, ಅದೂ ಸಾಸಿವಿ?" ಎನ್ನುತ್ತಿದ್ದರು. ವೈನಿ ಬಾಗಿಲ ಚೌಕಟ್ಟಿಗೆ ಒರಗಿ, ತುಟಿ ಬಿಗಿಹಿಡಿದು ನಿಂತಿದ್ದಳು. ನನಗೆ ಅವಳ ಮುಖ ನೋಡುವ ಧೈರ್ಯವಾಗದೆ ಬದನೆಕಾಯಿ ಸೀಳುತ್ತ ನೆಲ ನೋಡಿಕೊಂಡು ಕೂತೆ.

ಆಯಿ ಶೇಂಗಾ ಹುರಿಯಲು ಇಟ್ಟು ಅಧ್ಯಕ್ಷೆಯ ಜೊತೆ ಬೆಲ್ಲದ ಮೇಲೆ ಜಗಳ ತೆಗೆದರು. ಎಣ್ಣೆಗಾಯಿಗೆ ಬೆಲ್ಲ ಬೇಕು ಎಂದು ಅಧ್ಯಕ್ಷೆ, ಬೇಡ ಎಂದು ಆಯಿ. ಇತ್ತ ಶೇಂಗಾ ಕರ್ರಗಾಗತೊಡಗಿತು. ವೈನಿ ಒಂದು ಕ್ಷಣ ತಡೆದುಕೊಂಡಳು, ಎರಡು ಕ್ಷಣ ತಡೆದುಕೊಂಡಳು, ಆಮೇಲೆ ಬಾಗಿಲು ಬಿಟ್ಟು ಹಾರಿ ಬಂದಳು.

"ಸರೀರಿ ಆಯಿ ಈ ಕಡೆ! ಹೊತ್ತಾಕತ್ತಾವು, ಕಣ್ಣ ಕಾಣಂಗಿಲ್ಲೇನ್ರಿ?" ಎಂದು ಸವಟು ಕಸಿದುಕೊಂಡಳು. "ನೀವು ಹಿಟ್ಟು ನಾದ್ರಿ. ನೀವು ಹುಣಸಿಹಣ್ಣ ಕಿವುಚ್ರಿ. ಬೆಲ್ಲ ಹಾಕೂದು ಬಿಡೂದು ನಾ ನೋಡ್ಕೋತೇನಿ."

ಅಲ್ಲಿಂದ ಮುಂದೆ ಅಧ್ಯಕ್ಷೆ ಸಹ ವೈನಿ ಹೇಳಿದಂತೆ ಕೇಳಿದರು. ಎರಡು ಒಲೆ ಸಾಲದೆ ಹಿತ್ತಲಲ್ಲಿ ಮೂರು ಕಲ್ಲಿಟ್ಟು, ನೂಲಿಗೆ ಬಣ್ಣ ಹಾಕುತ್ತಿದ್ದ ಕಾಲದ ದೊಡ್ಡ ಪಾತ್ರೆಯನ್ನು ಅಟ್ಟದಿಂದ ಇಳಿಸಿದರು. ಅದನ್ನು ನಾನೇ ಹುಣಸೆಹಣ್ಣು ಹಚ್ಚಿ ತಿಕ್ಕಿದೆ, ಎಷ್ಟು ತಿಕ್ಕಿದರೂ ಆಯಿ, "ಬದ್ನಿಕಾಯಿ ಕೆಂಪಗಾದ್ರ ಮಂದಿ ಏನಂತಾರು?" ಎನ್ನುತ್ತಲೇ ಇದ್ದರು. ರೊಟ್ಟಿ ಬಡಿಯುವ ಸದ್ದು ಮಗ್ಗದ ಸದ್ದಿನಲ್ಲಿ ಕೂಡಿಹೋಯಿತು. ಎಣ್ಣೆ ಬಿಟ್ಟು ಕುದಿಯುವ ಮಸಾಲೆಯ ವಾಸನೆ ಶೆಡ್ಡುಗಳೊಳಗೆ ನುಗ್ಗಿತು. ಮಗ್ಗದವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ಮೂಗು ಏರಿಸಿ ನೋಡಿ ಹೋಗುತ್ತಿದ್ದರು.

ಅಂಗಳದಲ್ಲಿ ಅಣ್ಣನ ಹತ್ತಿರ ಸೀರೆಯ ಒಬ್ಬ ವ್ಯಾಪಾರಿ ಬಂದು ನಿಂತಿದ್ದ. ದೊಡ್ಡ ಗಿರಾಕಿ. ಮನೆಯ ತುಂಬ ಹೆಂಗಸರನ್ನು ನೋಡಿ ಅವನು ಏನೋ ಕೇಳಿದ. ಅಣ್ಣ ಅವನ ಕಿವಿಯ ಹತ್ತಿರ ಬಾಯಿಟ್ಟು, ಮಗ್ಗದ ಸದ್ದು ಮೀರಿಸಿ ಒದರಿ ಹೇಳತೊಡಗಿದ. ಸರಿಯಾಗಿ ಆಗಲೇ ಕರೆಂಟು ಹೋಯಿತು.

ಎಲ್ಲ ಮಗ್ಗಗಳೂ ಒಮ್ಮೆಲೇ ನಿಂತವು. ಓಣಿಗೆ ಓಣಿಯೇ ಸ್ತಬ್ಧ. ಆ ನಿಶ್ಶಬ್ದದಲ್ಲಿ ನಮ್ಮಣ್ಣನ ದನಿಯೊಂದೇ ಗುಡುಗಿತು:

"ಇವರು ನಮ್ಮ ತಂಗಿ ಮನಿ ಆಳಮಕ್ಕಳ್ರೀ!"

ರೊಟ್ಟಿ ಬಡಿಯುತ್ತಿದ್ದ ಕೈಗಳು ನಿಂತವು. ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು, ಯಾವುದು ಮೊದಲು ಬಂತು ಎಂದು ಈಗ ಹೇಳಲಾರೆ. ಎದ್ದು ಹೋಗಿ ಏನಾದರೂ ಅಂದುಬಿಡಬೇಕು ಎನ್ನುವಷ್ಟರಲ್ಲಿ ಜಗುಲಿಯ ಮೇಲೆ ಕೂತಿದ್ದ ನಮ್ಮವ್ವ ತಲೆ ಎತ್ತಿದಳು. ಆಯುಷ್ಯವೆಲ್ಲ ಮಗ್ಗದ ಪಕ್ಕದಲ್ಲೇ ಕಳೆದ ಅವಳ ಕಿವಿ ಮಂದ. ಇಡೀ ಓಣಿಯಲ್ಲಿ ಕೇಳಿಸದೆ ಇದ್ದದ್ದು ಅವಳೊಬ್ಬಳಿಗೇ.

"ಏನಂದಿ ಅಪ್ಪಾ? ಇನ್ನೊಮ್ಮಿ ಹೇಳು," ಎಂದಳು.

ಎಲ್ಲರೂ ಅಣ್ಣನನ್ನೇ ನೋಡುತ್ತಿದ್ದರು. ವ್ಯಾಪಾರಿ, ಎದುರು ಮನೆಯವರು, ಶೆಡ್ಡಿನ ಬಾಗಿಲಲ್ಲಿ ನಿಂತ ಮಗ್ಗದವರು, ಸವಟು ಹಿಡಿದ ನಮ್ಮ ವೈನಿ. ಅಣ್ಣ ತಲೆಯ ಮೇಲಿನ ಹತ್ತಿಯ ಧೂಳು ಕೊಡವಿಕೊಂಡ.

"ಏನಿಲ್ಲವಾ. ವಾಸನಿ ಛಲೋ ಬಂದೈತಿ ಅಂದ್ನಿ."

"ಹಂಗಾದ್ರ ಕುಂದ್ರಿಸಿ ಉಣಸ್ರಿ ಮಂದಿಗಿ," ಎಂದು ಅವ್ವ ಮತ್ತೆ ತನ್ನ ಎಲೆಅಡಿಕೆಯ ಚೀಲಕ್ಕೆ ಕೈ ಹಾಕಿದಳು.

ಕರೆಂಟು ಇಲ್ಲದ ಮಗ್ಗದವರಿಗೆ ಬೇರೆ ಕೆಲಸವೇನು? ಅಂಗಳ ತುಂಬಿತು, ಅಂಗಳ ಸಾಲದೆ ಓಣಿಯಲ್ಲಿ ಸಾಲು ಹಿಡಿದು ಕೂತರು. ಬಡಿಸಲು ಅಧ್ಯಕ್ಷೆ ತಾವೇ ನಿಂತರು. ಅಣ್ಣನ ತಾಟಿನ ಮುಂದೆ ಬಂದಾಗ ಸೆರಗು ತಲೆಯ ಮೇಲೆ ಎಳೆದುಕೊಂಡು, ಬಗ್ಗಿ, ಎಂದೂ ಇಲ್ಲದ ಮೆಲು ದನಿಯಲ್ಲಿ ಕೇಳಿದರು:

"ಧಣ್ಯಾರ, ಇನ್ನೊಂದ್ ಬದ್ನಿಕಾಯಿ ಹಾಕ್ಲೇನ್ರಿ?"

ಓಣಿಯವರು ಬಿದ್ದು ಬಿದ್ದು ನಕ್ಕರು. ಅಣ್ಣ ಮೊದಲು ತಾಟಿನಲ್ಲಿ ಮುಖ ಹುದುಗಿಸಿದ. ಆಮೇಲೆ ಅವನಿಗೇ ನಗು ತಡೆಯಲಾಗದೆ ರೊಟ್ಟಿ ನೆತ್ತಿಗೇರಿ ಕೆಮ್ಮತೊಡಗಿದ. ನಾನು ನೀರು ಒಯ್ದು ಕೊಟ್ಟೆ. ಕುಡಿದು, "ಫೋನ್ ಮಾಡಿ ಬರಬಾರದೇನ್ ಬೇ?" ಎಂದ. "ಮಾಡಿದ್ರ ಬರಬ್ಯಾಡ ಅಂತಿದ್ದಿ," ಎಂದೆ. ಅವನು ತಾಟು ಮುಂದಕ್ಕೆ ಸರಿಸಿ ಇನ್ನೊಂದು ರೊಟ್ಟಿ ಕೇಳಿದ. ಊಟವಾದ ಮೇಲೆ ಆ ದೊಡ್ಡ ಪಾತ್ರೆಯನ್ನು ತಾನೇ ಎತ್ತಿ ಬಚ್ಚಲಿಗೆ ಒಯ್ದಿಟ್ಟ. ನಮ್ಮ ಮನೆಯ ಗಂಡಸರಲ್ಲಿ ಅದು ದೊಡ್ಡ ಮಾತು.

ಕರೆಂಟು ಬರುವ ಹೊತ್ತಿಗೆ ಒಂದು ಚೀಲ ಬಿಟ್ಟು ಎಲ್ಲ ಬದನೆಕಾಯಿ ಮುಗಿದಿತ್ತು, ಉಂಡವರು ಕೊಟ್ಟ ರೊಕ್ಕ ಅಧ್ಯಕ್ಷೆಯ ಸೆರಗಿನ ಗಂಟು ಸೇರಿತ್ತು. ಮಗ್ಗದ ಶೆಡ್ಡಿನವರು, "ನಾಳಿಗೂ ಬರ್ತೀರೇನ್ರಿ?" ಎಂದು ಕೇಳಿದರು. ಆ ಸೀರೆಯ ವ್ಯಾಪಾರಿ ಬನಹಟ್ಟಿಯಲ್ಲಿ ತನ್ನ ಅಂಗಡಿಯ ಮಂದಿಗೂ ಬೇಕು ಎಂದ. ಅಧ್ಯಕ್ಷೆ ನಮ್ಮ ಯಾರ ಮುಖವನ್ನೂ ನೋಡದೆ "ಬರ್ತೇವಿ" ಎಂದರು. ಆಯಿ ಅಭ್ಯಾಸಬಲದಿಂದ "ಬ್ಯಾಡ" ಎಂದರು, ಆದರೆ ಅವರ ಕೈ ಆಗಲೇ ನಾಳೆಗೆ ಹಿಟ್ಟೆಷ್ಟು ಬೇಕೆಂದು ಅಳತೆ ಹಾಕುತ್ತಿತ್ತು.

ಹಾಗೆ ಶುರುವಾದದ್ದು. ಈಗ ನಮ್ಮ ಸಂಘ ಬೆಳಿಗ್ಗೆ ರೊಟ್ಟಿ ಬಡಿಯುತ್ತದೆ, ಹೊಲದಲ್ಲಿ ಬಂದದ್ದನ್ನು ಪಲ್ಯ ಮಾಡುತ್ತದೆ, ಮಧ್ಯಾಹ್ನದೊಳಗೆ ರಬಕವಿ, ಬನಹಟ್ಟಿಯ ಮಗ್ಗದ ಶೆಡ್ಡುಗಳಿಗೆ ಮುಟ್ಟಿಸುತ್ತದೆ. ಹೊಲದಲ್ಲಿ ಈಗ ಒಂದೇ ಬೆಳೆಯಿಲ್ಲ. ಮೆಂತ್ಯ, ಹೀರೆ, ಚವಳಿ, ಸ್ವಲ್ಪ ಬದನೆ. ಒಬ್ಬೊಬ್ಬಳು ಒಂದೊಂದು ಪಟ್ಟಿ ನೋಡಿಕೊಳ್ಳುತ್ತಾಳೆ, ತನ್ನ ತವರಿನ ಪದ್ಧತಿಯಲ್ಲೇ. ಡಬ್ಬಿಗಳನ್ನು ಮುಟ್ಟಿಸುವವರು ನನ್ನ ಗಂಡ. ಶೆಡ್ಡಿನ ಹುಡುಗಿಯರು ಅವರನ್ನು "ರೊಟ್ಟಿ ಕಾಕಾ" ಎನ್ನುತ್ತಾರೆ. ಮೊದಲ ವಾರ ಅದಕ್ಕೆ ಮುಖ ಊದಿಸಿಕೊಂಡಿದ್ದರು. ಈಗ ಒಂದು ದಿನ ಜ್ವರ ಬಂದು ಬೇರೆಯವರು ಒಯ್ದರೆ, ಸಂಜೆ ಬಂದವರನ್ನು ಕೂರಿಸಿಕೊಂಡು, "ನನ್ನ ಯಾರರ ಕೇಳಿದ್ರೇನು?" ಎಂದು ವಿಚಾರಿಸುತ್ತಾರೆ. ವೈನಿ ತಮ್ಮ ಓಣಿಯಲ್ಲೇ ಒಂದು ಸಂಘ ಕಟ್ಟಿ, ನಮ್ಮ ಮಸಾಲೆ ಅವಳೇ ಕುಟ್ಟಿ ಕಳಿಸುತ್ತಾಳೆ. ನಾವು ಹುರಿದರೆ ಹೊತ್ತಿಸುತ್ತೇವಂತೆ.

ಈಚೆಗೆ ಬಿಳಗಿ ತಾಲೂಕಿನ ಒಂದು ಊರಿನಿಂದ ಹೆಣ್ಣುಮಕ್ಕಳ ಗುಂಪೊಂದು ನಮ್ಮ ಕೆಲಸ ನೋಡಲು ಬಂದಿತ್ತು. ಅಧ್ಯಕ್ಷೆ ಹೊಸ ಸೀರೆ ಉಟ್ಟು ಗುಡಿಯ ಕಟ್ಟೆಯ ಮೇಲೆ ನಿಂತು ಭಾಷಣ ಮಾಡಿದರು. ನಾವು ಮೊದಲಿನಿಂದಲೂ ಹೇಗೆ ಒಂದು ಯೋಜನೆ ಹಾಕಿಕೊಂಡಿದ್ದೆವು, ರಬಕವಿಯ ನೇಕಾರರಿಗೆ ಊಟದ ಕೊರತೆಯಿದೆ ಎಂಬುದನ್ನು ಹೇಗೆ ಅಭ್ಯಾಸ ಮಾಡಿದೆವು, ಅದಕ್ಕೆ ತಕ್ಕ ಬೆಳೆಯನ್ನು ಹೇಗೆ ಆರಿಸಿದೆವು ಎಂದು ಅವರು ಹೇಳುತ್ತಿದ್ದರೆ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಂದವರು ತಲೆದೂಗುತ್ತಿದ್ದರು. ಕಂಬಕ್ಕೆ ಒರಗಿ ತೂಕಡಿಸುತ್ತಿದ್ದ ಆಯಿ ಕಣ್ಣು ಬಿಟ್ಟರು.

"ಯಾಕ ಸುಳ್ಳ ಹೇಳ್ತೀ ಬೇ? ಬದ್ನಿಕಾಯಿ ಕೊಳಿಯಾಕತ್ತಿದ್ವು ಅಂತ ಹೇಳು."

ಬಿಳಗಿಯವರಿಗೆ ಅದನ್ನು ಕೇಳಿದ ಮೇಲೆಯೇ ಜೀವ ಬಂತು. ತಮ್ಮಲ್ಲಿ ಟೊಮೆಟೊ ಕೊಳೆತ ಕತೆ, ಮೇಕೆ ಸತ್ತ ಕತೆ ಎಲ್ಲ ಹೊರಗೆ ಬಂದವು. ಊಟಕ್ಕೆ ಕೂತಾಗ ಅವರಲ್ಲೊಬ್ಬಳು, "ಇದಕ್ಕ ಬೆಲ್ಲಾ ಹಾಕೀರೇನ್ರಿ?" ಎಂದು ಕೇಳಿದಳು. ಅಧ್ಯಕ್ಷೆ ಹೌದು ಎಂದರು, ಆಯಿ ಇಲ್ಲ ಎಂದರು, ಬಂದವರು ಎರಡು ಪಂಗಡವಾಗಿ ಅವರವರ ಬೆನ್ನಿಗೆ ನಿಂತರು. ಆ ಮಾತು ಮುಗಿಯುವುದರೊಳಗೆ ಅವರ ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ಮನೆಗೆ ಇಬ್ಬಿಬ್ಬರಂತೆ ಹಂಚಿಕೊಂಡು ಕರೆದುಕೊಂಡು ಹೋದೆವು. ನಮ್ಮ ಮನೆಗೆ ಬಂದ ಇಬ್ಬರಿಗೂ ನನ್ನ ಗಂಡ ಚಹಾ ಕೊಟ್ಟು, ಎದುರಿಗೆ ಕುರ್ಚಿ ಹಾಕಿಕೊಂಡು, ಬ್ಯಾರೇಜ್ ಕಟ್ಟಿದ ಕತೆ ಶುರುಮಾಡಿದರು.